ಹಪ್ಪಳ ಕಾಯುತ್ತಾ ಕೇಳಿದ ಫ್ರೆಂಚ್

ಆಗೆಲ್ಲ ಬೇಸಗೆ ರಜೆ ಎಂದರೆ ನನಗೆ ತಾರಸಿಯ ಕೆಲಸ. ಕಡಿಯಾಳಿಯ ನಮ್ಮ ಮನೆಯ ತಾರಸಿಯಲ್ಲಿ ಹಳೆ ಸೀರೆ ಹಾಸಿ ಅಜ್ಜಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಕಾಗೆ ಓಡಿಸಲು ಕೋಲು ಹಿಡಿದು ನಾನು ಟ್ಯಾಂಕಿಯ ನೆರಳಲ್ಲಿ ಕೂರಬೇಕು. ಅರೆ ಒಣಗಿದ ಹಪ್ಪಳವನ್ನು ಅಂಚಿನಿಂದ ಹರಿದು ತಿಂದು ತಪ್ಪನ್ನು ಕಾಗೆಯ ಮೇಲೆ ಹಾಕುತ್ತಿದ್ದೆ. ಬೆರಳಿನ ಕೊತ್ತಂಬರಿ ವಾಸನೆ ಸಂಜೆಯವರೆಗೂ ಹೋಗುತ್ತಿರಲಿಲ್ಲ.

ಐದನೇ ಕ್ಲಾಸು ಮುಗಿದ ವರ್ಷ ನಾನು ಕಾಗೆಗಿಂತ ಹೆಚ್ಚು ಕಾದದ್ದು ಚಿಕ್ಕಮ್ಮನನ್ನು. ಅಮ್ಮನ ತಂಗಿ, ಮಣಿಪಾಲದಲ್ಲಿ ನರ್ಸ್, ಮಲಗುವುದು ನನ್ನ ಪಕ್ಕದಲ್ಲಿ. ಡ್ಯೂಟಿ ಮುಗಿಸಿ ಬಂದವಳೇ ತಾರಸಿ ಹತ್ತಿ, ಅತ್ತಿಂದಿತ್ತ ನಡೆಯುತ್ತಾ ಗುಣುಗುತ್ತಿದ್ದಳು: "ಜ ವೆ... ಜಾಲೆ... ಜಿರೆ..."

"ಅದೆಂತ ಚಿಕ್ಕಮ್ಮ?"

"ಫ್ರೆಂಚ್. ಒಂದೇ ಕ್ರಿಯಾಪದ. ಈಗಿನದಕ್ಕೆ ಜ ವೆ, ಹಿಂದಿನದಕ್ಕೆ ಜಾಲೆ, ಮುಂದಿನದಕ್ಕೆ ಜಿರೆ."

"ಒಂದೇ ಆದ್ರೆ ಒಂದರ ಹಾಗೆ ಇನ್ನೊಂದು ಯಾಕಿಲ್ಲ?"

"ಅದು ಹಾಗೇ ಮಾರಾಯ್ತಿ. ಬಾಯಿಪಾಠ ಮಾಡ್ಬೇಕು."

ನಾನು ನಂಬಲಿಲ್ಲ. ಅರ್ಥ ಕೇಳಿದರೆ ಮಾತು ಬದಲಿಸಿದಳು. ಅವಳು ಸ್ನಾನಕ್ಕೆ ಹೋದಾಗ ಅವಳು ಕೈಯಲ್ಲಿ ಬರೆದಿಟ್ಟ ನೋಟುಪುಸ್ತಕ ತೆರೆದೆ. ಎಡಕ್ಕೆ ಫ್ರೆಂಚ್, ಬಲಕ್ಕೆ ಕನ್ನಡ. ನಾನು ಹೋಗುತ್ತೇನೆ. ನಾನು ಹೋಗುತ್ತಿದ್ದೆ. ನಾನು ಹೋಗುವೆನು. ಪುಟದ ತುಂಬ ಅದೇ. ಇವಳು ನಮ್ಮನ್ನು ಬಿಟ್ಟು ಎಲ್ಲಿಗೋ ಹೊರಟಿದ್ದಾಳೆ ಅನಿಸಿತು.

ನಮ್ಮಲ್ಲಿ ಅಂಗಡಿಗೆ ಹೊರಟವರೂ 'ಹೋಗ್ತೇನೆ' ಅನ್ನಬಾರದು, 'ಬರ್ತೇನೆ' ಅನ್ನಬೇಕು. ಬಾಯಿತಪ್ಪಿದರೆ ಅಜ್ಜಿ ಒಳಗೆ ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಿದ್ದರು. ಆ ಪುಸ್ತಕವನ್ನು ನಾನು ಓದುಬರಹ ತಿಳಿಯದ ಆ ಅಜ್ಜಿಗೇ ಓದಿ ಹೇಳಿದೆ. ಬಲಬದಿ ಮಾತ್ರ ಓದಿದೆ. ಪುಟದ ಮೇಲೆ 'ಪಾಠ ಏಳು' ಎಂದಿತ್ತು, ಅದನ್ನು ಬೇಕೆಂದೇ ಬಿಟ್ಟೆ. ಪಾಠವೆಂದು ಗೊತ್ತಾದರೆ ಅವಳನ್ನು ಯಾರು ತಡೆಯುತ್ತಾರೆ?

ಅಜ್ಜಿಗೆ ಅದು ಓಡಿಹೋಗುವವಳ ಪತ್ರವೆಂದು ಖಾತ್ರಿಯಾಯಿತು. ಮರುದಿನ ಬೆಳಿಗ್ಗೆ ಮಂಗಳೂರಿನಲ್ಲಿ ಚಿಕ್ಕಮ್ಮನ ಫ್ರೆಂಚ್ ಪರೀಕ್ಷೆ. ಅಜ್ಜಿ ಅವಳ ಚಪ್ಪಲಿ ಅಡಗಿಸಿ ಹೊಸ್ತಿಲಿಗೆ ಅಡ್ಡ ಕೂತರು.

"ಯಾರ ಒಟ್ಟಿಗೆ ಹೋಗುವುದು ನೀನು? ನಿನ್ನ ಪುಸ್ತಕದಲ್ಲಿದ್ದದ್ದನ್ನು ಇವಳು ಓದಿ ಹೇಳಿದ್ದಾಳೆ."

"ಅದು ಪಾಠ ಅಮ್ಮಾ. ಪಾಸಾದ್ರೆ ಕೆನಡಾದ ಆಸ್ಪತ್ರೆಯಲ್ಲಿ ಕೆಲಸ ಉಂಟು. ಸಿಕ್ಕಿದ ಮೇಲೆ ಹೇಳುವ ಅಂತ ಇದ್ದೆ. ಬಸ್ಸು ತಪ್ತದೆ ಈಗ."

"ಪಾಠವಾದ್ರೆ ಬರುವುದು ಎಲ್ಲುಂಟು ಅದರಲ್ಲಿ? ಹೋಗುವುದು ಮಾತ್ರ ಕಲಿಸ್ತಾರಾ?"

ಚಿಕ್ಕಮ್ಮ ನನ್ನತ್ತ ತಿರುಗಿದಳು. "ನೀನಾದ್ರೂ ಹೇಳು. ಮೇಲೆ ಪಾಠ ಅಂತ ಇತ್ತಲ್ವಾ?"

ನಾನು ನೆಲ ನೋಡಿದೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಅವಳು ಅಲ್ಲೇ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ಅದೇ ಪುಟದ ಅಡಿಯಲ್ಲಿ ಏನೋ ಫ್ರೆಂಚಿನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ 'ನಾನು ತಿರುಗಿ ಬರುವೆನು' ಎಂದು ಬರೆದಳು. ಅಜ್ಜಿ ನನ್ನಿಂದ ಅದನ್ನು ಎರಡೆರಡು ಸಲ ಓದಿಸಿದರು. ನನ್ನ ಓದಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಆಮೇಲೆ ಎದ್ದು ಅಕ್ಕಿ ಡಬ್ಬದ ಹಿಂದಿನಿಂದ ಚಪ್ಪಲಿ ತಂದುಕೊಟ್ಟರು. "ಬರ್ತೇನೆ" ಎಂದು ಚಿಕ್ಕಮ್ಮ ಓಡಿದಳು.

ಪಾಸಾದಳು, ಹೋದಳು. ಅಜ್ಜಿ ತೀರಿಕೊಂಡಾಗ ಅವಳಿಗೆ ರಜೆ ಸಿಗಲಿಲ್ಲ. ಹಪ್ಪಳ ಈಗ ಅಂಗಡಿಯಿಂದ ಬರುತ್ತದೆ, ತಾರಸಿಯಲ್ಲಿ ಸೋಲಾರ್ ಕೂತಿದೆ. ಬಲಬದಿ ಮಾತ್ರ ಓದಿದ ಕಥೆಯನ್ನು ನಾನು ಅವಳಿಗೆ ಇವತ್ತಿಗೂ ಹೇಳಿಲ್ಲ. ಅವಳಿಗೆ ಗೊತ್ತಿರಬಹುದೇ ಎಂಬ ಗುಮಾನಿ ಮಾತ್ರ ಪ್ರತಿ ಫೋನಿನಲ್ಲೂ ಇರುತ್ತದೆ.

ಮೊನ್ನೆ ಮಾತು ಮುಗಿಸುವಾಗ ಚಿಕ್ಕಮ್ಮ, "ಆಯ್ತು, ನಾನು ಹೋಗ್ತೇನೆ" ಎಂದಳು. ಕೂರಿಸಿ ನೀರು ಕುಡಿಸಿ ಸರಿಯಾಗಿ ಹೇಳಿಸಲು ಅಜ್ಜಿ ಇಲ್ಲ. ನಾನು ಹೇಳಿಸಬಹುದಿತ್ತು. ಅಂದಿನ ಹಾಗೆಯೇ ಸುಮ್ಮನಿದ್ದೆ.