ಬರಿದಾಗಿ ತಿರುಗಿದ ಕಲ್ಲು

ಮೊನ್ನೆ ಬೆಳಿಗ್ಗೆ ಮೆಟ್ಟಿಲ ಕೆಳಗೆ ಕಸ ಹೊಡೆಯಲು ಬಾಗಿದಾಗ ಬೀಸುವಕಲ್ಲಿನ ಸುತ್ತ ಬೆಳ್ಳಗೆ ಹಿಟ್ಟು ಬಿದ್ದಿರುವುದು ಕಂಡಿತು. ನಮ್ಮ ಮನೆಯಲ್ಲಿ ಆ ಕಲ್ಲನ್ನು ಯಾರೂ ತಿರುಗಿಸುವುದಿಲ್ಲ. ಬೆಟಗೇರಿಯಲ್ಲಿ ಓಣಿಗೊಂದು ಗಿರಣಿ ಇರುವಾಗ ಕೈಯಿಂದ ಬೀಸಲು ಯಾರಿಗೆ ಹುಚ್ಚು ಹಿಡಿದಿದೆ. ಕಲ್ಲಿನ ಬಾಯಲ್ಲಿ ನಾನು ಹಾಕಿಟ್ಟಿದ್ದ ಹಿಡಿ ಜೋಳವೂ ಇರಲಿಲ್ಲ. ಸೊಸೆಯನ್ನು ಕರೆದು ತೋರಿಸಿದೆ.

"ಇಲಿ ಇರಬೇಕ್ರಿ ಅತ್ತಿ," ಎಂದಳು. "ಕಾಳ ಹಾಕಿ ಇಟ್ರ ಇಲಿ ಬರದ ಇರ್ತಾವೇನು?"

ಇಲಿಯ ವಿಷಯ ಆಮೇಲೆ ನೋಡೋಣ. ಖಾಲಿ ಬಿದ್ದಿರುವ ಕಲ್ಲಿಗೆ ನಾನು ಯಾಕೆ ಕಾಳು ಹಾಕಿಡುತ್ತೇನೆ ಎನ್ನುವುದನ್ನು ಮೊದಲು ಹೇಳಬೇಕು. ಅದಕ್ಕೆ ನೀವು ನನ್ನ ಜೊತೆ ಒಮ್ಮೆ ಬೋಟು ಹತ್ತಬೇಕಾಗುತ್ತದೆ. ಹೆದರಬೇಡಿ, ಜಾಕೆಟ್ ಕೊಡುತ್ತಾರೆ.

ನನಗೊಬ್ಬಳು ಅಕ್ಕ ಇದ್ದಳು, ನೀಲವ್ವ. ನಮ್ಮಿಬ್ಬರ ಮದುವೆಯ ಕಾಲಕ್ಕೆ ಅಪ್ಪ ಒಂದೇ ಬಂಡೆಯಿಂದ ಎರಡು ಬೀಸುವಕಲ್ಲು ಮಾಡಿಸಿದ. ಎರಡರ ಅಂಚಿಗೂ ಮೂರೆಸಳಿನ ಒಂದೊಂದು ಹೂವು ಕೆತ್ತಿಸಿದ. ಒಂದು ನನ್ನ ಜೊತೆ ಬೆಟಗೇರಿಗೆ ಬಂತು. ಇನ್ನೊಂದು ನೀಲವ್ವನ ಜೊತೆ ಮುಂಡರಗಿಯ ಆಚೆ ಹೊಳೆದಂಡೆಯ ಊರಿಗೆ ಹೋಯಿತು. ತವರಿನಲ್ಲಿ ಇದ್ದಾಗ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದೆವು. ಅವಳು ಒಬ್ಬಳೇ ಬೀಸಿದ ಹಿಟ್ಟು ಮುಖಕ್ಕೆ ಹಚ್ಚುವ ಪೌಡರಿನಂತೆ ಇರುತ್ತಿತ್ತು. ನಾನು ಬೀಸಿದ್ದು ನುಚ್ಚು. "ಇದನ್ನ ಎಮ್ಮಿಗೆ ಹಾಕು, ಮನಿಷ್ಯಾರಿಗೆ ಹಾಕಬ್ಯಾಡ," ಎನ್ನುತ್ತಿದ್ದಳು. ನನ್ನ ರೊಟ್ಟಿಯ ಅಂಚು ಇವತ್ತಿಗೂ ಒಡೆಯುತ್ತದೆ. ಗಿರಣಿ ಹಿಟ್ಟಿನಲ್ಲೂ ಒಡೆಯುತ್ತದೆ, ಅಂದರೆ ತಪ್ಪು ಕಲ್ಲಿನದಲ್ಲ ಎಂದಾಯಿತು.

ಅವ್ವ ಒಂದು ಮಾತಿಗೆ ಮಾತ್ರ ನಮ್ಮಿಬ್ಬರಿಗೂ ಸಮನಾಗಿ ಹೊಡೆಯುತ್ತಿದ್ದಳು. ಕಲ್ಲನ್ನು ಬರಿದಾಗಿ ತಿರುಗಿಸಬಾರದು. ಆಟಕ್ಕೂ ತಿರುಗಿಸಬಾರದು. ಕೆಲಸ ಮುಗಿದ ಮೇಲೆ ಬಾಯಲ್ಲಿ ನಾಲ್ಕು ಕಾಳು ಬಿಟ್ಟು ಏಳಬೇಕು. ಯಾಕೆ ಎಂದು ನಾನು ಕೇಳಲಿಲ್ಲ. ಬೆನ್ನಿಗೆ ಬಿದ್ದ ಮೇಲೆ ಕೇಳುವುದು ಏನಿರುತ್ತದೆ.

ಹೊಳೆಗೆ ಅಡ್ಡ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ ನೀಲವ್ವನ ಊರು ಮುಳುಗಿತು. ಸಾಮಾನು ಸಾಗಿಸಲು ಬಂದ ಟ್ರ್ಯಾಕ್ಟರಿನಲ್ಲಿ ಮಂಚ, ನೆಲದೊಳಗಿನ ಹಗೇವಿನ ಜೋಳ, ಬಾಗಿಲು ಚೌಕಟ್ಟು ಎಲ್ಲ ಹೋದವು. ಕಲ್ಲನ್ನು ಕೊನೆಯ ಸಲಕ್ಕೆ ಇಟ್ಟರು. ಕೊನೆಯ ಸಲ ಬರಲೇ ಇಲ್ಲ, ಅಷ್ಟರಲ್ಲಿ ದಾರಿಯ ಮೇಲೆ ನೀರು ಬಂತು. ಹೊರಡುವಾಗ ನೀಲವ್ವ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಸುರಿದು, "ನಾ ಬರೂತನಕ ಇದನ್ನ ತಿನಕೋತ ಇರು," ಎಂದಿದ್ದಳಂತೆ, ಎಮ್ಮೆಗೆ ಹೇಳುವ ಹಾಗೆ. ಆಮೇಲೆ ಮುಂಡರಗಿಯಲ್ಲಿ ಮಗಳು ರತ್ನಾಳ ಮನೆಗೆ ಹೋದಳು. ಅಲ್ಲಿ ಚೆನ್ನಾಗಿಯೇ ಇದ್ದಳು. ಉಂಡಳು, ಟೀವಿ ನೋಡಿದಳು, ಅಳಿಯನಿಗೆ ಬುದ್ಧಿ ಹೇಳಿದಳು.

ವರ್ಷಗಳು ಕಳೆದವು. ಒಂದು ಬೇಸಿಗೆಯಲ್ಲಿ ಅವಳ ಬಲಗೈ ತಿರುಗಲು ಶುರುವಾಯಿತು.

ನಾನು ನೋಡಲು ಹೋದಾಗ ಮಂಚದ ಮೇಲೆ ಕೂತಿದ್ದಳು. ಮುಷ್ಟಿ ಬಿಗಿದ ಬಲಗೈ ಗಾಳಿಯಲ್ಲಿ ದುಂಡಗೆ ತಿರುಗುತ್ತಿತ್ತು. ಹಿಡಿದರೆ ನನ್ನ ಕೈಯನ್ನೂ ಸೇರಿಸಿ ತಿರುಗಿಸಿದಳು. ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅದರಲ್ಲೂ ಶನಿವಾರ, ರವಿವಾರ ಬಿಡುವೇ ಇಲ್ಲ ಎಂದು ರತ್ನಾ ಹೇಳಿದಳು. ಡಾಕ್ಟರು ನರ ಎಂದರು, ಗುಳಿಗೆ ಕೊಟ್ಟರು. ತೋಳು ಊದಿಕೊಂಡು ತುತ್ತು ಎತ್ತಲು ಆಗುತ್ತಿರಲಿಲ್ಲ.

"ಕಾಳ ಹಾಕ್ರೇ ಯಾರರ," ಎನ್ನುತ್ತಿದ್ದಳು ನೀಲವ್ವ. "ಬರೇ ತಿರಗಾಕ ಹತ್ತೇತಿ. ಕೈ ಉರಿತೈತಿ."

ಬಾಯಿಗೆ ಅನ್ನ ಕೇಳುತ್ತಾಳೆಂದು ರತ್ನಾ ಉಣಿಸಲು ಹೋಗುತ್ತಿದ್ದಳು. ಅಕ್ಕ ತಟ್ಟೆ ನೂಕುತ್ತಿದ್ದಳು. ದೀಪಾವಳಿಯ ಹೊತ್ತಿಗೆ ನೀಲವ್ವ ಎಲುಬಿನ ಗೂಡಾಗಿದ್ದಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ನಾನೇ ಹೇಳಿದೆ. ರತ್ನಾ ಅತ್ತಳು. ಅತ್ತರೆ ಕೈ ನಿಲ್ಲುತ್ತದೆಯೇ.

ಸಂಕ್ರಾಂತಿ ಕಳೆದ ಮೇಲೆ ಅಳಿಯ ರತ್ನಾಳನ್ನು ಒತ್ತಾಯ ಮಾಡಿ ಪ್ರವಾಸಕ್ಕೆ ಕಳಿಸಿದ. ಅವಳು ರಾತ್ರಿ ಕಣ್ಣು ಮುಚ್ಚಿ ಎಷ್ಟೋ ದಿನವಾಗಿತ್ತು, ಒಂದು ದಿನ ಅತ್ತೆಯನ್ನು ತಾನೇ ನೋಡಿಕೊಳ್ಳುತ್ತೇನೆ ಎಂದ. ಹಿನ್ನೀರಿನಲ್ಲಿ ನಡುಗಡ್ಡೆಗಳನ್ನು ತೋರಿಸಿ, ಒಂದು ರಾತ್ರಿ ಟೆಂಟಿನಲ್ಲಿ ಇಟ್ಟು ಕರೆತರುವ ಬೋಟು ಅದು. ಕೊನೆಯ ನಡುಗಡ್ಡೆ ಎಂದರೆ ನೀಲವ್ವನ ಊರಿನ ದಿನ್ನೆ. ಹುಟ್ಟಿದ ಊರು ನೋಡಬೇಕೆಂದು ರತ್ನಾಳಿಗೆ ಆಸೆ. ಜೊತೆಗೆ ನನ್ನನ್ನು ಎಳೆದಳು. ನನಗೆ ಯಾವ ಆಸೆಯೂ ಇರಲಿಲ್ಲ. ನೀರು ಎಂದರೆ ನನಗೆ ಕೊಡದಲ್ಲಿ ಇದ್ದರೆ ಚಂದ.

ಗೈಡಿನ ಹೆಸರು ಮಲ್ಲೇಶಿ. ಆಚೆ ದಂಡೆಯ ಊರಿನವನು, ಮೀಸೆ ಹೊತ್ತ ಗಟ್ಟಿ ಆಳು, ಬಾಯಿ ಅದಕ್ಕಿಂತ ಗಟ್ಟಿ. ನನಗೆ ಕೇಸರಿ ಜಾಕೆಟ್ ಕಟ್ಟಿ, "ಅವ್ವಾರ, ಈಗ ನೀವು ಬಿದ್ರೂ ಮುಳಗೂದಿಲ್ಲ," ಎಂದ.

"ಎಳದ ಮ್ಯಾಲ ಹಾಕವರು ಯಾರು? ಅದನ್ನ ಹೇಳು," ಎಂದೆ.

ಹುಬ್ಬಳ್ಳಿ ಕಡೆಯ ಕೆಲವರು ಬೋಟಿನಲ್ಲಿದ್ದರು, ಗಂಡ ಹೆಂಡಿರು, ಗೆಳತಿಯರು. ಮೊದಲ ನಡುಗಡ್ಡೆಯಲ್ಲಿ ಹನುಮಪ್ಪನ ಗುಡಿಯ ಶಿಖರವಷ್ಟೇ ಇತ್ತು, ಉಳಿದ ದೇವರು ನೀರಿನೊಳಗೆ. ಅದರ ಮೇಲೊಂದು ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿತ್ತು. ಎರಡನೆಯದರಲ್ಲಿ ಬರೀ ಹಕ್ಕಿಗಳು. ಮಲ್ಲೇಶಿ ಚೀಲದಿಂದ ಜೋಳ ತೆಗೆದು ಎಲ್ಲರ ಕೈಗೆ ಕೊಟ್ಟು ಎರಚಿಸಿದ. ಜನ ಮಕ್ಕಳ ಹಾಗೆ ಕುಣಿದರು. ನಾನೂ ಎರಚಿದೆ, ಸುಳ್ಳು ಯಾಕೆ ಹೇಳಲಿ.

ಮೂರನೆಯದಕ್ಕೆ ಹೋಗುವಾಗ ಅವನು ಇಂಜಿನ್ ಬಂದ್ ಮಾಡಿದ. ಬೋಟು ತಾನೇ ಜಾರಿತು. ನೀರಿನಿಂದ ಒಣಗಿದ ಬೇವಿನ ಮರವೊಂದು ಎದ್ದು ನಿಂತಿತ್ತು, ಹಕ್ಕಿಯ ಹಿಕ್ಕೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಆ ಮರದ ಕಟ್ಟೆಯ ಮೇಲೆ ಕೂತು ನಾನು ಬಾಣಂತಿ ನೀಲವ್ವನ ಮಗುವಿಗೆ ಬಿಸಿಲು ಕಾಯಿಸಿದ್ದೇನೆ. ಆ ಮಗು ಈಗ ನನ್ನ ಪಕ್ಕ ಕೂತು ಬೋಟಿನ ಕಂಬಿ ಬಿಗಿಯಾಗಿ ಹಿಡಿದಿತ್ತು.

"ಚಿಗವ್ವಾ, ನಾವು ನಮ್ಮ ಓಣಿ ಮ್ಯಾಲಿಂದ ಹೊಂಟೇವಿ," ಎಂದಳು ರತ್ನಾ.

ಬಗ್ಗಿ ನೋಡಿದೆ. ಹಸಿರು ನೀರಿನ ಕೆಳಗೆ ಹೊಸ್ತಿಲುಗಳು ಸಾಲಾಗಿ ಇದ್ದವು. ಬಾಗಿಲಿಲ್ಲ, ಗೋಡೆಯಿಲ್ಲ, ಬರೀ ಹೊಸ್ತಿಲು.

ಆಗ ಮಲ್ಲೇಶಿ ದನಿ ತಗ್ಗಿಸಿ ಕತೆ ಶುರು ಮಾಡಿದ. ಈ ಊರಿನಲ್ಲಿ ಒಬ್ಬ ಮುದುಕಿ ಇದ್ದಳಂತೆ. ಎಲ್ಲರೂ ಹೋದರೂ ಅವಳು ಏಳಲಿಲ್ಲವಂತೆ, ಬೀಸುವಕಲ್ಲಿನ ಗೂಟ ಹಿಡಿದುಕೊಂಡೇ ಮುಳುಗಿದಳಂತೆ. ಇವತ್ತಿಗೂ ಬೆಳಕು ಹರಿಯುವ ಮುಂಚೆ ಬೀಸುವ ಸಪ್ಪಳ ಕೇಳುತ್ತದಂತೆ. ಹುಬ್ಬಳ್ಳಿಯವರು ಒಬ್ಬರಿಗೊಬ್ಬರು ಅಂಟಿ ಕೂತರು.

"ಏನಂತ ಹೆಸರ ಆಕಿದು?" ಎಂದೆ.

"ನೀಲವ್ವ ಅಂತಾರ್ರಿ."

"ನಿನ್ನಿ ಆಕಿ ನನ್ನ ಮುಂದ ಚಾ ಕುಡದಾಳ. ಈಕಿ ಆಕಿ ಮಗಳು."

ಅವನ ಮೀಸೆ ಇಳಿಯಿತು. ನನ್ನ ಹತ್ತಿರ ಬಂದು ಮೆಲ್ಲಗೆ, "ಅವ್ವಾರ, ಕತಿ ಕೆಡಸಬ್ಯಾಡ್ರಿ, ಕೈ ಮುಗಿತೇನಿ. ಆದ್ರ ಸಪ್ಪಳ ಕೇಳೂದು ಖರೇರಿ," ಎಂದ. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖವಲ್ಲ ಅದು. ನನಗೆ ಅದು ಹಿಡಿಸಲಿಲ್ಲ.

ದಿನ್ನೆಯ ಮೇಲೆ ಟೆಂಟುಗಳು, ಅಡಿಗೆಯ ಚಪ್ಪರ. ಚಪ್ಪರದಿಂದ ಕೆಳಗೆ ಓಣಿ ಇಳಿದು ನೀರಿನೊಳಗೆ ಹೋಗಿತ್ತು, ಯಾರೋ ಅಂಗಡಿಗೆ ಹೋಗಿ ಈಗ ಬರುತ್ತಾರೆ ಎನ್ನುವ ಹಾಗೆ. ಹೊತ್ತು ಮುಳುಗುತ್ತಿತ್ತು. ಟೆಂಟುಗಳ ನಡುವೆ ಸೆಗಣಿ ಸಾರಿಸಿದ ಕಟ್ಟೆ, ಅದರ ಮೇಲೊಂದು ಬೀಸುವಕಲ್ಲು. ಹಳ್ಳಿಯ ಬಾಳು ನೋಡಿ ಎಂದು ಇಟ್ಟಿದ್ದರು. ಕಣ್ಣಿಗೆ ಕೆಂಪು ಚಾಳೀಸು ಹಾಕಿದ್ದ ಒಬ್ಬ ಹೆಣ್ಣುಮಗಳು ಸೆರಗು ಹೊದ್ದು ಗೂಟ ಹಿಡಿದು ಗರಗರ ತಿರುಗಿಸುತ್ತಿದ್ದಳು. ಗಂಡ ಫೋಟೋ ಹೊಡೆಯುತ್ತಿದ್ದ. ಕಲ್ಲಿನಲ್ಲಿ ಒಂದು ಕಾಳೂ ಇರಲಿಲ್ಲ. ಕಲ್ಲು ಕಲ್ಲನ್ನು ತಿನ್ನುವ ಸಪ್ಪಳ ಹಲ್ಲು ಜುಮ್ಮೆನಿಸಿತು.

ಹತ್ತಿರ ಹೋದೆ. ಅಂಚಿನಲ್ಲಿ ಮೂರೆಸಳಿನ ಹೂವಿತ್ತು.

ಅದೇ ಹೊತ್ತಿಗೆ ರತ್ನಾ ಆಚೆ ನಿಂತು ಗಂಡನಿಗೆ ಫೋನ್ ಹಚ್ಚಿದ್ದಳು. "ಏನಂದ್ರಿ? ಭಾಳ ಜೋರ ತಿರುವಾಕ ಹತ್ಯಾಳಾ? ಕೈ ಹಿಡೀರಿ," ಎನ್ನುತ್ತಿದ್ದಳು.

ನಾನು ಆ ಹೆಣ್ಣುಮಗಳ ಮಣಿಕಟ್ಟು ಹಿಡಿದೆ. "ಬಿಡವ್ವಾ," ಎಂದೆ. ಹೆದರಿ ಬಿಟ್ಟಳು. ಕಲ್ಲು ಅರ್ಧ ಸುತ್ತು ಹೋಗಿ ನಿಂತಿತು.

"ಈಗ ನಿಂತತಂತ," ಎಂದಳು ರತ್ನಾ ಫೋನಿನಲ್ಲಿ. ಆಮೇಲೆ ನನ್ನನ್ನು ನೋಡಿದಳು, ಕಲ್ಲನ್ನು ನೋಡಿದಳು. ಫೋನು ಕಿವಿಯಲ್ಲೇ ಇತ್ತು.

ಮಲ್ಲೇಶಿಯನ್ನು ಕರೆದೆ. ಕಲ್ಲು ಎಲ್ಲಿಯದು ಎಂದರೆ, ಹೋದ ಬೇಸಿಗೆಯಲ್ಲಿ ನೀರು ಇಳಿದಾಗ ಕೆಳಗಿನ ಮನೆಯಿಂದ ತಂದೆವು ಎಂದ. ರಾಡಿಯಲ್ಲಿ ಹುಗಿದಿತ್ತಂತೆ.

"ಬಾಯಾಗ ಏನಿತ್ತು?"

"ಕೆಸರು, ಒಂದಿಷ್ಟು ಕರ್ರಗ ಕೊಳತ ಕಾಳು. ನಾನ ಕೆದರಿ ಚಲ್ಲೇನ್ರಿ. ಸ್ವಚ್ಛ ತೊಳದು, ಕುಂಕುಮ ಹಚ್ಚಿ ಇಟ್ಟೇನಿ. ಏನ ತಪ್ಪಾತ್ರಿ?"

ಅವನು ಮರ್ಯಾದೆಯಿಂದಲೇ ತೊಳೆದಿದ್ದ. ತೊಳೆದದ್ದೇ ತಪ್ಪಾಗಿತ್ತು. ಶನಿವಾರ, ರವಿವಾರ ಬರುವ ಜನರೆಲ್ಲ ಬರಿದಾದ ಕಲ್ಲನ್ನು ತಿರುಗಿಸಿ ಹೋಗುತ್ತಿದ್ದರು, ಮುಂಡರಗಿಯಲ್ಲಿ ನಮ್ಮಕ್ಕನ ತೋಳು ಸವೆಯುತ್ತಿತ್ತು. ನನಗೆ ದೆವ್ವದ ಮೇಲೆ ನಂಬಿಕೆ ಇಲ್ಲ, ಆಗಲೂ ಇರಲಿಲ್ಲ. ಆದರೆ ಬಾಯಿಗೆ ಕಾಳು ಹಾಕುವುದಕ್ಕೆ ನಂಬಿಕೆ ಯಾಕೆ ಬೇಕು.

"ಹಕ್ಕಿ ಕಾಳಿನ ಚೀಲ ತಾ," ಎಂದೆ.

ಕಾಲು ಚಾಚಿ ಕೂತು ಬೀಸಿದೆ. ಮೊಣಕೈ ಚೀರಿತು. ಕಲ್ಲು ಮೊದಲು ಒರಟಾಗಿ ಓಡಿತು, ಆಮೇಲೆ ಕಾಳು ಕಚ್ಚಿ ಭಾರವಾಯಿತು, ಸಪ್ಪಳ ಮೆತ್ತಗಾಯಿತು. ಸುತ್ತ ನುಚ್ಚು ಉದುರಿತು, ನನ್ನದೇ ನುಚ್ಚು, ಯಾರಾದರೂ ಗುರುತು ಹಿಡಿಯಬಹುದು. ಹುಬ್ಬಳ್ಳಿಯವರು ಅದನ್ನೂ ವಿಡಿಯೋ ಮಾಡಿಕೊಂಡರು. ಕೊನೆಗೆ ಬಾಯಿ ತುಂಬ ಕಾಳು ಹಾಕಿ ಎದ್ದೆ. "ಇನ್ನ ಮ್ಯಾಲ ಯಾರರ ತಿರುವಬೇಕಂದ್ರ ಕಾಳ ಹಾಕಿ ತಿರುವಲಿ. ಹೋಗಬೇಕಾದ್ರ ಬಾಯಾಗ ಕಾಳ ಇರಲಿ," ಎಂದೆ. "ಆತ್ರಿ," ಎಂದ ಮಲ್ಲೇಶಿ. ಕಲ್ಲನ್ನು ಮನೆಗೆ ಒಯ್ಯೋಣ ಎಂದಳು ರತ್ನಾ. ಬೇಡ ಎಂದೆ. ಅದು ಇದ್ದ ಮನೆಯ ಹತ್ತಿರವೇ ಇದೆ, ಇರಲಿ.

ಟೆಂಟಿನಲ್ಲಿ ನನಗೆ ನಿದ್ದೆ ಚೆನ್ನಾಗಿ ಬಂತು. ಬೆಳಕು ಹರಿಯುವ ಹೊತ್ತಿಗೆ ರತ್ನಾ ತೋಳು ಚಿವುಟಿದಳು. "ಚಿಗವ್ವಾ, ಕೇಳಸ್ತೈತೇನ?"

ಕೇಳಿಸುತ್ತಿತ್ತು. ನೀರು ಬೋಟಿಗೆ ಬಡಿಯುತ್ತಿದೆ ಎಂದುಕೊಂಡೆ. ಆದರೆ ನೀರು ನಡುನಡುವೆ ನಿಲ್ಲುವುದಿಲ್ಲ. ಇದು ನಿಲ್ಲುತ್ತಿತ್ತು, ಎಡಗೈಯಿಂದ ಒಂದು ಚಿಟಿಕೆ ಕಾಳು ಹಾಕುವಷ್ಟು ಹೊತ್ತು, ಮತ್ತೆ ಶುರುವಾಗುತ್ತಿತ್ತು. ಅಷ್ಟು ಸಮನಾದ ಕೈ ನನಗೆ ಗೊತ್ತಿರುವುದು ಒಂದೇ. ನಾವಿಬ್ಬರೂ ಹೊರಗೆ ಹೋಗಲಿಲ್ಲ. ಧೈರ್ಯ ಇಲ್ಲದೆ ಅಲ್ಲ. ಬೀಸುವಾಗ ಯಾರಾದರೂ ಬಂದು ನಿಂತರೆ ನೀಲವ್ವನಿಗೆ ಸಿಟ್ಟು ಬರುತ್ತಿತ್ತು. ಹೋಗಲಿ, ಧೈರ್ಯವೂ ಸ್ವಲ್ಪ ಕಡಿಮೆಯೇ ಇತ್ತು.

ಬಿಸಿಲು ಬಿದ್ದ ಮೇಲೆ ನೋಡಿದರೆ ಕಲ್ಲಿನ ಬಾಯಿ ಖಾಲಿ. ನನ್ನ ನುಚ್ಚೂ ಇರಲಿಲ್ಲ. "ಹಕ್ಕಿ ತಿಂದಾವ್ರಿ," ಎಂದ ಮಲ್ಲೇಶಿ, ನಮ್ಮ ಮುಖ ನೋಡದೆ. ಹೇಳದೆಯೇ ಮತ್ತೆ ಒಂದು ಹಿಡಿ ಹಾಕಿದ.

ಮುಂಡರಗಿಗೆ ಬಂದು ಒಳಗೆ ಹೋದಾಗ ನೀಲವ್ವ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ತೊಡೆಯ ಮೇಲೆ ಮಲಗಿತ್ತು. ಎಡಗೈಯಲ್ಲಿ ರೊಟ್ಟಿಯ ಚೂರು ಹಿಡಿದು ಅಗಿಯುತ್ತಿದ್ದಳು. ನಾವು ಎಲ್ಲಿಗೆ ಹೋಗಿದ್ದೆವೆಂದು ಅಳಿಯ ಅವಳಿಗೆ ಹೇಳಿರಲಿಲ್ಲ. ಆಣೆ ಮಾಡಿದ. ಅವಳು ಕತ್ತೆತ್ತಿ ನನ್ನನ್ನು ನೋಡಿದಳು.

"ಇಷ್ಟ ವಯಸ್ಸಾತು, ಇನ್ನೂ ದಪ್ಪ ಬೀಸತಿ ಲೇ," ಎಂದಳು. "ಎಲ್ಲಾ ನಾನ ಮತ್ತ ಬೀಸಬೇಕಾತು."

ಆಮೇಲೆ ಆ ಕೈ ತಿರುಗಲಿಲ್ಲ. ನೀಲವ್ವ ಮೈ ತುಂಬಿಕೊಂಡಳು, ಅಳಿಯನಿಗೆ ಬುದ್ಧಿ ಹೇಳುವುದನ್ನು ಮತ್ತೆ ಹಿಡಿದಳು. ಈ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಒಳ್ಳೆಯ ಸಾವು. ನಾನು ಅಳಲಿಲ್ಲ. ಮನೆಗೆ ಬಂದು ನನ್ನ ಕಲ್ಲಿನ ಮೇಲಿದ್ದ ಹಳೆಯ ಡಬ್ಬಿಗಳನ್ನು ಇಳಿಸಿ, ಒರೆಸಿ, ಬಾಯಿಗೆ ಒಂದು ಹಿಡಿ ಜೋಳ ಹಾಕಿದೆ.

ಈಗ ಇಲಿಯ ವಿಷಯಕ್ಕೆ ಬರೋಣ. ಇಲಿ ಬಂದರೆ ಹೊಟ್ಟು ಬೀಳುತ್ತದೆ, ಹಿಕ್ಕೆ ಬೀಳುತ್ತದೆ. ಸೊಸೆ ಒಳಗೆ ಹೋದ ಮೇಲೆ ನಾನು ಆ ಹಿಟ್ಟನ್ನು ಬೆರಳಿನಿಂದ ತಿಕ್ಕಿ ನೋಡಿದೆ. ಪೌಡರಿನಂತೆ ಬೆರಳಿನ ಗೆರೆಯೊಳಗೆ ಹೋಗಿ ಕೂತಿತು. ಎಲ್ಲ ಬಳಿದುಕೊಂಡೆ. ಒಂದು ಸಣ್ಣ ರೊಟ್ಟಿಗೆ ಸಾಕಾಯಿತು. ಬಡಿದೆ, ಸುಟ್ಟೆ, ಬಿಸಿ ಇರುವಾಗಲೇ ತಿಂದೆ. ಅಂಚು ಒಡೆದಿರಲಿಲ್ಲ.

ಸಂಜೆ ಕಲ್ಲಿಗೆ ಮತ್ತೊಂದು ಹಿಡಿ ಹಾಕಿದೆ. ಈ ಸಲ ಮೊರದಲ್ಲಿ ಕೇರಿ, ಚಾಳೀಸು ಹಾಕಿಕೊಂಡು ಆರಿಸಿ ಹಾಕಿದೆ. ಒಂದು ಹರಳು ಸಿಕ್ಕರೂ ಅವಳು ಬಯ್ಯುತ್ತಾಳೆ.