ಎಡೆ ಇಟ್ಟ ಕೋಣೆ

ನೀನು ಚಿಕ್ಕವಳಿದ್ದಾಗ ಆಸ್ಪತ್ರೆಯಲ್ಲಿ ನಿನಗೆ ಕೊಟ್ಟ ಮಾತ್ರೆಗಳನ್ನು ನಾನು ಬಚ್ಚಲ ಒಲೆಗೆ ಹಾಕಿದೆ, ಮಂಜುಳಾ. ಡಾಕ್ಟರು ಸಾಕು ಅಂದಿದ್ದಾರೆ ಎಂದು ನಿನಗೆ ಹೇಳಿದ್ದು ಸುಳ್ಳು.

ಇವತ್ತು ನಿನ್ನ ಮಗನನ್ನು ತಂದು ನನ್ನ ಮಡಿಲಲ್ಲಿ ಮಲಗಿಸಿದೆಯಲ್ಲ — ಮರಿಮಗ! — ಕುಂದೂರಿಗೆಲ್ಲ ಕೇಳುವಂತೆ ಕೂಗೋಣ ಅನ್ನಿಸಿತು. ಆಗ ನೀನು ಅಂದೆ: "ಅಜ್ಜಿ, ನೀನಿಲ್ದಿದ್ರೆ ನಾನು ಬದುಕ್ತಾನೇ ಇರ್ಲಿಲ್ಲ ಕಣೆ." ಆ ಮಾತಿಗೇ ಈ ಕಾಗದ. ನನಗೆ ಅಕ್ಷರ ಅಷ್ಟಕ್ಕಷ್ಟೆ. ಆದರೂ ಬರೆಯುತ್ತೇನೆ — ಬಾಯಲ್ಲಿ ಹೇಳಹೊರಟರೆ ಅಳುತ್ತೇನೆ, ನೀನು ಸಮಾಧಾನ ಮಾಡಿಬಿಡುತ್ತೀಯ.

ಕಾಫಿ ತೋಟದಲ್ಲಿ ನಿನ್ನಪ್ಪನನ್ನು ಆನೆ ತುಳಿದಾಗ, ತಾಯಿಯೂ ಇಲ್ಲದ ನೀನು ಎಂಟನೇ ಕ್ಲಾಸು. ಬುತ್ತಿ ಕೊಡಲು ಹೋದವಳು ನೀನು ಕಣ್ಣಾರೆ ಕಂಡೆ. ಆಮೇಲೆ ಹಗಲಲ್ಲೇ ನಿನಗೆ ಕೊಂಬೆ ಮುರಿಯುವ ಸದ್ದು, ಅಪ್ಪನ ದನಿ. ಹಾಸನದ ಡಾಕ್ಟರು ಇದು ಕಾಯಿಲೆ, ವಾಸಿಯಾಗುತ್ತದೆ, ಮಾತ್ರೆ ತಪ್ಪಿಸಬೇಡಿ ಎಂದಿದ್ದರು. ಸ್ವಲ್ಪ ದಿನಕ್ಕೇ, "ಅಪ್ಪ ಈಗ ಜಾಸ್ತಿ ಮಾತಾಡಲ್ಲ ಅಜ್ಜಿ" ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ. ನನ್ನ ಮಗ ಇನ್ನೊಂದು ಸಲ ಸಾಯುತ್ತಿದ್ದಾನೆ ಅನ್ನಿಸಿತು. ಅವತ್ತೇ ಮಾತ್ರೆ ಒಲೆಗೆ —

ಸತ್ತವರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂರುವುದು ನಮ್ಮ ಪದ್ಧತಿ. ಆ ವರ್ಷ ನಾನು ನಿನ್ನನ್ನು ಒಳಗೇ ಕೂರಿಸಿದೆ. ಎಲೆಯ ಮೇಲೆ ಕಡುಬು, ಪಕ್ಕದಲ್ಲಿ ಅವನ ಲೋಟದ ಕಾಫಿ, ಎದುರಿಗೆ ನೀನು. ಚಿಲಕ ಹಾಕಿ ಬಾಗಿಲಿಗೆ ಕಿವಿಯಿಟ್ಟೆ.

"ಅಪ್ಪ ಏನಂತಾನವ್ವ?"

"ಭಯ ಆಯ್ತೈತೆ, ಬಾಗ್ಲು ತೆಗಿ ಅಜ್ಜಿ."

"ಒಂದೇ ಒಂದ್ಸಲ ಕೇಳವ್ವ, ನನ್ ಬಂಗಾರ—"

"ಬಾ ಅಂತಾನೆ."

ನಾನು ಹಿಗ್ಗಿದೆ. ಮಗ ಮಾತಾಡಿದ! ನಿನ್ನ ಅಳು ಕೇಳಿಸುತ್ತಲೇ ಇತ್ತು, ನಾನು ಹಿಗ್ಗುತ್ತಲೇ ಇದ್ದೆ.

ಮರುದಿನ ಬೆಳಿಗ್ಗೆ ನೀನು ಆನೆ ದಾರಿಯಲ್ಲಿ ಹೋಗಿ ನಿಂತಿದ್ದೆ. ಎಸ್ಟೇಟ್ ಲೈನ್‌ಮನೆಗಳ ಕೂಲಿ ಹೆಂಗಸರು ನಿನ್ನನ್ನು ಎಳೆದು ತಂದರು. ಅಷ್ಟು ಹೊತ್ತಿಗಾಗಲೇ ಆಚೆ ಬದಿಯಲ್ಲಿ ಬಿದಿರು ಮುರಿಯುತ್ತಿತ್ತಂತೆ. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಿನ್ನನ್ನು ಹೊರಗೆ ಕೂರಿಸಿ, ಮಾತ್ರೆಯನ್ನು ನೀನೇ ಉಗಿಯುತ್ತಿದ್ದೆ ಎಂದು ಡಾಕ್ಟರಿಗೆ ಹೇಳಿದೆ. ಅದನ್ನೂ ಮಾಡಿದೆ. ಆಮೇಲೆ ದಿನಾ ನಾನೇ ಮಾತ್ರೆ ನುಂಗಿಸಿ ನೀನು ವಾಸಿಯಾದದ್ದು ನೋಡಿ, ಊರಿನವರು ಮಾತ್ರ ಅಜ್ಜಿ ಅಂದ್ರೆ ಹೀಗಿರಬೇಕು ಅಂದರು.

ಮಗುವಿಗೆ ಅಪ್ಪನ ಹೆಸರಿಡುತ್ತೇನೆ ಅನ್ನುತ್ತೀಯ. ಇದನ್ನು ಓದಿದ ಮೇಲೂ ಮನಸ್ಸಿದ್ದರೆ ಇಡು. ಈ ಸಲ ಎಡೆ ಇಡುವಾಗ ನೀನು ಮಗುವನ್ನೆತ್ತಿಕೊಂಡು ಅಂಗಳದ ಬಿಸಿಲಲ್ಲಿರು. ಬಾಗಿಲ ಹತ್ತಿರವೂ ಬರಬೇಡ. ಒಳಗೆ ನಾನು ಕೂರುತ್ತೇನೆ. ಅವನನ್ನು ಏನೂ ಕೇಳುವುದಿಲ್ಲ.