ಮಗ್ಗಿ ಪುಸ್ತಕದ ನೀಲಿ ಹೊದಿಕೆ

ಪಾರ್ಸೆಲ್ ಬಿಚ್ಚಿದೊಡನೆ ಹಳೇ ಕಾಗದದ ಮುಗ್ಗಲು ವಾಸನೆ ಬಂತು. ಅದರಲ್ಲಿ ಒಣಗಿದ ಬೇವಿನೆಲೆಯ ಕಹಿಯೊಂದು ಇರಲಿಲ್ಲ. ಗಿಣಿಗೇರಾದ ನಮ್ಮ ಮನೆಯಲ್ಲಿ, ಶಿವಪ್ಪ ಕಾಕಾನ ಟ್ರಂಕಿನಲ್ಲಿ, ಎರಡೂ ಕೂಡಿಯೇ ಇರುತ್ತಿದ್ದವು. ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ಹೊಸಪೇಟೆಯ ರದ್ದಿ ಅಂಗಡಿಯಿಂದ, ಮಹಾಯುದ್ಧ ಮುಗಿದ ಕಾಲದ ಇಂಗ್ಲಿಷ್ ಸಾಹಸದ ಕಾಮಿಕ್ಸುಗಳನ್ನು ಆರಿಸಿ ತಂದು, ಹುಳ ಹತ್ತದಂತೆ ನಡುನಡುವೆ ಬೇವಿನೆಲೆ ಇಡುತ್ತಿದ್ದ. ಇಂಗ್ಲಿಷಿನ ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ ನೋಡಿ! ರವಿವಾರ ಮಧ್ಯಾಹ್ನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, ಚಿತ್ರ ನೋಡುತ್ತಲೇ ಕಥೆ ಕಟ್ಟುತ್ತಿದ್ದ. ಯಾವ ದೇಶದ ಕಡಲ್ಗಳ್ಳನಾದರೂ ಅವನ ಬಾಯಲ್ಲಿ, "ಯಾಕಲೇ ಮಗನ, ಸೊಕ್ಕು ಬಂದೈತೇನು?" ಎಂದೇ ಗುಡುಗುತ್ತಿದ್ದ.

ಒಂದು ಕಥೆ ಮಾತ್ರ ಮುಗಿಯಲಿಲ್ಲ. ಮುತ್ತು ಹುಡುಕಲು ಸಮುದ್ರಕ್ಕಿಳಿದವನ ಹಗ್ಗ ಹರಿಯುತ್ತದೆ. ಮುಂದಿನ ಕೊನೆಯ ಹಾಳೆಯೇ ಇರಲಿಲ್ಲ. "ಕಾಕಾ, ಅಂವ ಮ್ಯಾಲ ಬಂದನೇನು?" ಎಂದು ಪೀಡಿಸಿದೆ. "ಚಿತ್ರ ಇಲ್ದ ಹೆಂಗ ಹೇಳ್ಲೆವ್ವಾ? ಸುಳ್ಳ ಸುಳ್ಳ ಬದುಕಸ್ಲೂ ಬಾರದು, ಸಾಯಸ್ಲೂ ಬಾರದು," ಎಂದ. ಅಯ್ಯೋ, ಆ ಹಾಳೆ ಹರಿದವಳು ನಾನೇ! ನೀಲಿ ಬಣ್ಣ ಚೆಂದ ಕಂಡಿತೆಂದು, ಕಥೆ ಕೇಳುವ ಮೊದಲೇ ಕದ್ದು, ಮಗ್ಗಿ ಪುಸ್ತಕಕ್ಕೆ ಹೊದಿಕೆ ಹಾಕಿಕೊಂಡಿದ್ದೆ. ಅಂದು ಹೆದರಿ, ತಿರುವಿಯೂ ನೋಡದೆ, ಅದನ್ನು ಕಿತ್ತು ಒಲೆಗೆ ಹಾಕಿದೆ.

ದೊಡ್ಡವಳಾದ ಮೇಲೆ ನಾನೂ ಹಳೇ ಕಾಮಿಕ್ಸು ಕೂಡಿಹಾಕತೊಡಗಿದೆ. ಕಪಾಟು ತುಂಬಿದರೂ ನನಗೆ ಬೇಕಾಗಿದ್ದದ್ದು ಒಂದೇ ಹಾಳೆ. ಟ್ರಂಕು ಎಂದೋ ಗೆದ್ದಲಿನ ಪಾಲಾಗಿತ್ತು, ಮನೆಯೂ ಕೈಬಿಟ್ಟಿತ್ತು. ಹೋದ ತಿಂಗಳು ಕೊಪ್ಪಳದ ಆಸ್ಪತ್ರೆಯಲ್ಲಿ ಕಾಕಾನ ಕೈ ಹಿಡಿದು ತಪ್ಪೊಪ್ಪಿಕೊಂಡೆ. ಸೊರಗಿದ ಮುಖದಲ್ಲಿ ನಕ್ಕ.

"ಗೊತ್ತೈತಿ ಬಿಡವ್ವಾ. ನೀ ಒಲಿಗೆ ಹಾಕೂದ ನೋಡಿದ್ದೆ. ಅಂದರ ಅಳ್ತಿ ಅಂತ ಸುಮ್ನಾದೆ. ಆ ಪುಸ್ತಕ ಸಿಕ್ಕರ, ಅಂವ ಏನಾದ ಅಂತ ನನಗ ಹೇಳು."

ಪುಸ್ತಕ ಸಿಕ್ಕಿತು. ಆದರೆ ಪಾರ್ಸೆಲ್ ಬಂದದ್ದು ಕಾಕಾನನ್ನು ಮಣ್ಣು ಮಾಡಿದ ಹನ್ನೆರಡನೇ ದಿನಕ್ಕೆ.

ಕೊನೆಯ ಹಾಳೆ ತೆರೆದೆ. ಮನುಷ್ಯನ ಚಿತ್ರವೇ ಇಲ್ಲ. ಪುಟದ ತುಂಬ ನೀಲಿ ನೀರು, ಕೆಳಗೆ ನಾಲ್ಕು ಸಾಲು ಇಂಗ್ಲಿಷ್. ಬೆಳಗಿನ ಜಾವ ಮೀನುಗಾರರ ದೋಣಿಯೊಂದು ಅವನನ್ನು ಎತ್ತಿಕೊಂಡಿತಂತೆ. ಆ ಹಾಳೆ ಅಂದೇ ಇದ್ದಿದ್ದರೂ ಕಾಕಾನಿಗೆ ತಿಳಿಯುತ್ತಿರಲಿಲ್ಲ. ಅಕ್ಷರ ಕಲಿತ ನಾನು ಓದಿ ಹೇಳಬೇಕಿತ್ತು. ಎಷ್ಟು ವರ್ಷ ಅವನು ನನಗೆ ಕಥೆ ಹೇಳಿದ್ದ. ನಾನು ಅವನಿಗೆ ಹೇಳಬೇಕಿದ್ದದ್ದು ಇದೊಂದೇ.

"ಕಾಕಾ, ಅಂವ ಮ್ಯಾಲ ಬಂದ," ಎಂದೆ ಗಟ್ಟಿಯಾಗಿ, ಯಾರೂ ಇಲ್ಲದ ಕೋಣೆಯಲ್ಲಿ.